ಎರಡೆಲೆ ಗುಟ್ಟು, ಐದೆಲೆ ರಟ್ಟು

ಇಸ್ಪೀಟಿನ ವಿಷಯದಲ್ಲಿ ನಮ್ಮ ಜನಕ್ಕೆ ಹೊರಗಿನವರು ಪಾಠ ಹೇಳಬೇಕಾದ ಅಗತ್ಯ ಅಷ್ಟಾಗಿ ಇಲ್ಲ. ಮದುವೆ ಛತ್ರದಲ್ಲಿ ಊಟ ಮುಗಿದು ಜಮಖಾನ ಹಾಸಿದರೆ ರಮ್ಮಿ. ಎದುರುಬದುರು ನಾಲ್ಕು ಜನ ಜೊತೆಗೂಡಿದರೆ ಇಪ್ಪತ್ತೆಂಟು. ದೀಪಾವಳಿಯ ರಾತ್ರಿ ಬಾಗಿಲು ಹಾಕಿಕೊಂಡು ಕೂತರೆ ಮೂರೆಲೆ. ಆದರೆ ಪೋಕರ್ ಎಂದೊಡನೆ ಬಹುಪಾಲು ಜನರ ಕಣ್ಣಮುಂದೆ ಬರುವುದು ಇಂಗ್ಲಿಷ್ ಸಿನಿಮಾದ ಒಂದು ದೃಶ್ಯ ಮಾತ್ರ. ಹಸಿರು ಬಟ್ಟೆ ಹೊದಿಸಿದ ಮೇಜು, ಸಿಗರೇಟಿನ ಹೊಗೆ, ಮುಖದಲ್ಲಿ ಯಾವ ಭಾವವನ್ನೂ ತೋರಗೊಡದ ನಾಲ್ಕಾರು ಗಂಡಸರು. ಅವರೇನು ಮಾಡುತ್ತಿದ್ದಾರೆ, ಒಬ್ಬ ಇದ್ದಕ್ಕಿದ್ದಂತೆ ಎಲೆ ಬಿಸುಟು ಎದ್ದು ಹೋದದ್ದೇಕೆ ಎಂಬುದು ತಿಳಿಯದೆಯೇ ದೃಶ್ಯ ಮುಗಿದುಹೋಗುತ್ತದೆ.

ತಿಳಿಯದೆ ಇರುವಷ್ಟು ಕಷ್ಟದ್ದೇನೂ ಅದರಲ್ಲಿಲ್ಲ. ಪೋಕರಿನಲ್ಲಿ ಹತ್ತಾರು ಬಗೆಗಳಿವೆ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಪ್ರಚಾರದಲ್ಲಿರುವುದು ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆ. ಮೂರೆಲೆ ಆಡಿ ಬಲ್ಲವರಿಗೆ ಇದರ ಅರ್ಧ ಭಾಗ ಆಗಲೇ ಗೊತ್ತಿದೆ. ಉಳಿದರ್ಧವನ್ನು ಕಲಿಯಲು ಹತ್ತು ನಿಮಿಷ ಸಾಕು.

ಬಳಸುವುದು ನಮ್ಮದೇ ಐವತ್ತೆರಡೆಲೆಯ ಕಟ್ಟು. ಜೋಕರಿಗೆ ಪ್ರವೇಶವಿಲ್ಲ. ಎಕ್ಕ ಎಲ್ಲಕ್ಕಿಂತ ಮೇಲು, ಆಮೇಲೆ ರಾಜ, ರಾಣಿ, ಗುಲಾಮ, ಹತ್ತು ಎಂದು ಎರಡರವರೆಗೆ ಇಳಿಯುತ್ತದೆ. ಇಸ್ಪೀಟು, ಆಟೀನು, ಡೈಮನ್, ಕಳಾವರ್ ನಾಲ್ಕೂ ಸಮಾನ. ಇಪ್ಪತ್ತೆಂಟರಲ್ಲಿರುವಂತೆ ತುರುಫು ಎಂಬ ದೊಡ್ಡಸ್ತಿಕೆ ಯಾವ ಜಾತಿಗೂ ಇಲ್ಲ. (ಡಚ್ಚರು ಇಂದಿಗೂ ಮೂರೆಸಳಿನ ಆ ಜಾತಿಯನ್ನು ಕ್ಲಾವರ್ ಎನ್ನುತ್ತಾರೆ. ನಮ್ಮ ಕಳಾವರ್ ಅದಕ್ಕೆ ಎಷ್ಟು ಹತ್ತಿರದ ನೆಂಟ ಎಂಬುದು ಕೇಳಿದರೇ ತಿಳಿಯುತ್ತದೆ.)

ಪ್ರತಿ ಆಟಗಾರನಿಗೆ ಎರಡು ಎಲೆ ಕೊಡುತ್ತಾರೆ. ಇವು ಗುಟ್ಟಿನ ಎಲೆಗಳು, ಅವನ ಹೊರತು ಬೇರೆ ಯಾರೂ ನೋಡುವಂತಿಲ್ಲ. ಆಮೇಲೆ ಮೇಜಿನ ನಡುವೆ ಒಟ್ಟು ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಹರಡುತ್ತಾರೆ. ಈ ಐದು ಯಾರೊಬ್ಬರದೂ ಅಲ್ಲ, ಎಲ್ಲರದೂ ಹೌದು. ತನ್ನ ಎರಡು, ನಡುವಿನ ಐದು ಸೇರಿ ಏಳಾಯಿತಲ್ಲ, ಅದರಲ್ಲಿ ಅತ್ಯುತ್ತಮವಾದ ಐದನ್ನು ಆರಿಸಿಕೊಂಡು ಕೈ ಕಟ್ಟಬೇಕು. ಯಾರ ಐದು ಮೇಲೋ ಅವರದು ಗೆಲುವು. ಎಲೆಗಳ ಮಟ್ಟಿಗೆ ಆಟವೆಂದರೆ ಇಷ್ಟೇ.

ಯಾವ ಐದು ಯಾವುದಕ್ಕಿಂತ ಮೇಲು ಎಂಬ ಪಟ್ಟಿಯನ್ನು ಗಿಣಿಪಾಠ ಮಾಡಬೇಕಾಗಿಲ್ಲ, ಅದರ ಹಿಂದಿನ ತತ್ತ್ವ ತಿಳಿದರೆ ಸಾಕು. ಸುಲಭವಾಗಿ ಸಿಗುವುದಕ್ಕೆ ಬೆಲೆ ಕಡಿಮೆ, ಅಪರೂಪಕ್ಕೆ ಹೆಚ್ಚು. ಐವತ್ತೆರಡೆಲೆಗಳಿಂದ ಐದನ್ನು 25,98,960 ಬಗೆಯಲ್ಲಿ ಆರಿಸಬಹುದು. ಇದರಲ್ಲಿ ಅರ್ಧಕ್ಕೆ ಅರ್ಧ ಯಾವ ಹೊಂದಾಣಿಕೆಯೂ ಇಲ್ಲದ ಬರಿಗೈಗಳು. ಅಲ್ಲಿ ದೊಡ್ಡ ಎಲೆ ಯಾರಲ್ಲಿದೆಯೋ ಅವರು ಗೆಲ್ಲುತ್ತಾರೆ. ಅದರ ಮೇಲೆ ಒಂದು ಜೋಡಿ, ಆಮೇಲೆ ಎರಡು ಜೋಡಿ, ಆಮೇಲೆ ಒಂದೇ ಅಂಕಿಯ ಮೂರು. ಅದಕ್ಕೂ ಮೇಲೆ ಐದೆಲೆಗಳ ಸಾಲು: ಐದು, ಆರು, ಏಳು, ಎಂಟು, ಒಂಬತ್ತು ಎಂಬಂತೆ. ಸಾಲುಗಳು 10,200 ಇವೆ. ಐದೂ ಒಂದೇ ಜಾತಿಯಾದರೆ ಅದು ಫ್ಲಶ್. ಅವು 5,108 ಮಾತ್ರ, ಹಾಗಾಗಿ ಸಾಲಿಗಿಂತ ಫ್ಲಶ್ ದೊಡ್ಡದು. ಮೂರು ಒಂದು ಅಂಕಿ, ಎರಡು ಇನ್ನೊಂದು ಅಂಕಿ ಬಂದರೆ ಫುಲ್ ಹೌಸ್, ಅವು 3,744. ನಾಲ್ಕೂ ಒಂದೇ ಅಂಕಿ ಬರುವುದು 624 ಬಗೆಯಲ್ಲಿ. ಒಂದೇ ಜಾತಿಯ ಸಾಲು ಬರೀ 40. ಅದರಲ್ಲೂ ಹತ್ತರಿಂದ ಎಕ್ಕದವರೆಗಿನ ರಾಜಯೋಗ ಜಾತಿಗೊಂದರಂತೆ ನಾಲ್ಕೇ ನಾಲ್ಕು.

ಇಲ್ಲಿ ಮೂರೆಲೆಯವರು ಆಕ್ಷೇಪ ತೆಗೆಯುವುದು ಖಂಡಿತ. ಅವರ ಆಟದಲ್ಲಿ ಸಾಲಿಗೆ ಬೆಲೆ ಹೆಚ್ಚು, ಕಲರಿಗೆ ಕಡಿಮೆ. ಪೋಕರಿನಲ್ಲಿ ಇದು ತಿರುಗಾಮುರುಗಾ ಆದದ್ದೇಕೆ? ಲೆಕ್ಕ ನೋಡಿದರೆ ಇಬ್ಬರೂ ಸರಿಯೇ. ಮೂರೇ ಎಲೆ ಹಿಡಿದಾಗ ಸಾಲು ಸಿಗುವುದು 720 ಬಗೆಯಲ್ಲಿ, ಒಂದೇ ಜಾತಿ ಸಿಗುವುದು 1,096 ಬಗೆಯಲ್ಲಿ. ಎಲೆ ಐದಾದಾಗ ಅಪರೂಪದ ಕ್ರಮವೇ ಅದಲುಬದಲಾಗುತ್ತದೆ. ನಮ್ಮವರ ಲೆಕ್ಕ ತಪ್ಪಿರುವುದು ಇನ್ನೊಂದು ಕಡೆ. ಮೂರೂ ಒಂದೇ ಅಂಕಿ ಬರುವ ಟ್ರೇಲಿಗೆ ಮೂರೆಲೆಯಲ್ಲಿ ಪಟ್ಟದ ಸ್ಥಾನ; ಅವು 52 ಇವೆ. ಅದಕ್ಕಿಂತ ಕೆಳಗಿಟ್ಟಿರುವ ಒಂದೇ ಜಾತಿಯ ಸಾಲುಗಳು 48 ಮಾತ್ರ. ನ್ಯಾಯವಾಗಿ ನೋಡಿದರೆ ಮೂರು ಎಕ್ಕ ಹಿಡಿದವನು ತಲೆಬಾಗಬೇಕಾಗಿತ್ತು. ಆದರೆ ಮೂರು ಎಕ್ಕ ಹಿಡಿದವನಿಗೆ ಗಣಿತ ಹೇಳುವ ಧೈರ್ಯ ಯಾರಿಗೆ! ಪೋಕರಿನ ಪಟ್ಟಿ ಐದೆಲೆಯ ಮಟ್ಟಿಗೆ ಎಲ್ಲೂ ತಪ್ಪಿಲ್ಲ. ಹೋಲ್ಡೆಮ್‌ನಲ್ಲಿ ಏಳರಲ್ಲಿ ಐದನ್ನು ಆರಿಸುವುದರಿಂದ ಜೋಡಿಗಳು ಬರಿಗೈಗಿಂತ ಹೆಚ್ಚು ಸಲ ಬರುತ್ತವೆ ನಿಜ, ಆದರೂ ಹಳೆಯ ಐದೆಲೆಯ ಕ್ರಮವನ್ನೇ ಉಳಿಸಿಕೊಂಡಿದ್ದಾರೆ.

ಇಷ್ಟು ಹೇಳಿದರೆ ಆಟದ ದೇಹ ಬಂತು, ಜೀವ ಬರಲಿಲ್ಲ. ಐದು ಎಲೆಗಳನ್ನು ಒಮ್ಮೆಗೇ ಹರಡಿದ್ದರೆ ಇದೊಂದು ಲಾಟರಿಯಾಗುತ್ತಿತ್ತು. ಹಾಗೆ ಮಾಡುವುದಿಲ್ಲ. ಗುಟ್ಟಿನ ಎರಡೆಲೆ ಬಂದೊಡನೆ ಒಂದು ಸುತ್ತು ಪಣ. ಆಮೇಲೆ ನಡುವೆ ಮೂರೆಲೆ ತೆರೆಯುತ್ತಾರೆ, ಇದಕ್ಕೆ ಫ್ಲಾಪ್ ಎಂದು ಹೆಸರು, ಮತ್ತೆ ಪಣ. ನಾಲ್ಕನೆಯ ಎಲೆ ಟರ್ನ್; ಮತ್ತೆ ಪಣ. ಐದನೆಯದು ರಿವರ್, ನದಿ; ಕೊನೆಯ ಪಣ. ಅಷ್ಟಾದ ಮೇಲೂ ಒಬ್ಬರಿಗಿಂತ ಹೆಚ್ಚು ಜನ ಉಳಿದಿದ್ದರೆ ಮಾತ್ರ ಎಲೆ ತೋರಿಸಬೇಕು.

ಯಾರೂ ಏನೂ ಕಟ್ಟದಿದ್ದರೆ ಎಲ್ಲರೂ ಎಕ್ಕದ ಜೋಡಿ ಬರುವವರೆಗೆ ಕಾಯುತ್ತ ಕೂರುತ್ತಾರೆ. (221 ಸಲಕ್ಕೆ ಸರಾಸರಿ ಒಮ್ಮೆ ಅದು ಬರುತ್ತದೆ.) ಅದಕ್ಕಾಗಿ ಎಲೆ ಹಂಚುವ ಸ್ಥಾನದ ಎಡಕ್ಕಿರುವ ಇಬ್ಬರು ಎಲೆ ನೋಡುವ ಮೊದಲೇ, ಕಣ್ಣುಮುಚ್ಚಿ, ನಿಗದಿಯಾದ ಪಣ ಇಡಬೇಕು. ಮೊದಲನೆಯವನದು ಚಿಕ್ಕದು, ಎರಡನೆಯವನದು ಸಾಮಾನ್ಯವಾಗಿ ಅದರ ಎರಡರಷ್ಟು. ಹಂಚುವ ಸ್ಥಾನ ಪ್ರತಿ ಆಟಕ್ಕೂ ಒಂದು ಕುರ್ಚಿ ಮುಂದೆ ಸರಿಯುವುದರಿಂದ ಈ ತೆರಿಗೆ ಎಲ್ಲರಿಗೂ ಸರದಿಯ ಮೇಲೆ ಬೀಳುತ್ತದೆ. ಸರದಿ ಬಂದಾಗ ಆಟಗಾರನಿಗೆ ಇರುವ ದಾರಿಗಳು ಕೆಲವೇ: ಎಲೆ ಕೆಳಗಿಟ್ಟು ಹಿಂದೆ ಸರಿಯಬಹುದು, ಎದುರಿನವನು ಕಟ್ಟಿದಷ್ಟೇ ಕಟ್ಟಿ ಮುಂದುವರಿಯಬಹುದು, ಅದಕ್ಕಿಂತ ಏರಿಸಬಹುದು. ಯಾರೂ ಕಟ್ಟಿರದಿದ್ದರೆ ಸುಮ್ಮನೆ ಮೇಜು ತಟ್ಟಿ ಸರದಿಯನ್ನು ಮುಂದಿನವನಿಗೆ ದಾಟಿಸಬಹುದು.

ಒಂದು ಆಟವನ್ನು ನೋಡೋಣ. ಶಾಲೆಯ ಲೆಕ್ಕದಲ್ಲಿ ಬಾವಿ ತೋಡುತ್ತಿದ್ದ ಅ, ಬ, ಕ ಎಂಬವರೇ ಇಲ್ಲಿ ಆಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಪಣಕ್ಕೆ ಬಿಲ್ಲೆಗಳಿವೆ. ಬ ಕಣ್ಣುಮುಚ್ಚಿ 10, ಕ 20 ಇಟ್ಟಿದ್ದಾರೆ. ಹಂಚಿದ ಅ ಎಂಬವನಿಗೆ ಇಸ್ಪೀಟ್ ಎಕ್ಕ, ಡೈಮನ್ ರಾಜ ಬಂದಿವೆ. ಒಳ್ಳೆಯ ಎಲೆಗಳು. ಅವನು 60ಕ್ಕೆ ಏರಿಸುತ್ತಾನೆ. ಬ ತನ್ನ 10ನ್ನು ಬಿಟ್ಟು ಹಿಂದೆ ಸರಿದ. ಕ ಕೈಯಲ್ಲಿ ಆಟೀನಿನ ಒಂಬತ್ತು ಮತ್ತು ಎಂಟು. ಅವನು ಇನ್ನೂ 40 ಹಾಕಿ ಉಳಿದ. ನಡುವೆ 130 ಸೇರಿತು.

ಫ್ಲಾಪ್‌ನಲ್ಲಿ ಆಟೀನ್ ರಾಜ, ಆಟೀನ್ ಆರು, ಕಳಾವರ್ ಎರಡು ಬಂದವು. ಅ ಎಂಬವನಿಗೆ ರಾಜರ ಜೋಡಿಯಾಯಿತು. ಕ ಎಂಬವನಿಗೆ ಆಗಿರುವುದು ಏನೂ ಇಲ್ಲ, ಆಗಬಹುದಾದದ್ದು ಬಹಳ: ನಾಲ್ಕು ಆಟೀನಾಗಿವೆ, ಇನ್ನೊಂದು ಬಿದ್ದರೆ ಫ್ಲಶ್. ಅ 70 ಕಟ್ಟುತ್ತಾನೆ. ಈಗ ನಡುವೆ 200 ಇದೆ, ಅದನ್ನು ಗೆಲ್ಲಲು ಕ 70 ತೆರಬೇಕು. ಕಾಣದ 47 ಎಲೆಗಳಲ್ಲಿ ಅವನಿಗೆ ಬೇಕಾದ ಆಟೀನುಗಳು ಒಂಬತ್ತು. ಮುಂದಿನ ಎರಡೂ ಎಲೆಗಳನ್ನು ಹಿಡಿದು ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು 35 ಸಲ ಒಂದಾದರೂ ಬಂದೀತು. ಬೆಲೆ ಪರವಾಗಿಲ್ಲ; ಅವನು ಕಟ್ಟಿದ. ಟರ್ನ್‌ನಲ್ಲಿ ಇಸ್ಪೀಟ್ ಮೂರು ಬಂತು, ಯಾರಿಗೂ ಪ್ರಯೋಜನವಿಲ್ಲ. ಅ ಈಗ 130 ಕಟ್ಟುತ್ತಾನೆ. ಉಳಿದಿರುವುದು ಒಂದೇ ಎಲೆ, ಗೆಲ್ಲುವ ಸಂಭವ ಐದಕ್ಕೆ ಒಂದಕ್ಕಿಂತ ತುಸು ಕಡಿಮೆ. 400ಕ್ಕಾಗಿ 130 ತೆರುವುದು ಲೆಕ್ಕಕ್ಕೆ ಗಿಟ್ಟುವುದಿಲ್ಲ. ಎಲೆ ಮಾತ್ರ ನಂಬಿದವನು ಇಲ್ಲಿ ಕೈಬಿಡುತ್ತಾನೆ. ಕ ಮನಸ್ಸಿನಲ್ಲಿ ಇನ್ನೇನೋ ಇದೆ, ಅವನು ಕಟ್ಟಿದ.

ರಿವರ್‌ನಲ್ಲಿ ಬಂದದ್ದು ಇಸ್ಪೀಟ್ ಹತ್ತು. ಕ ಕೈ ಬರಿದೇ ಉಳಿಯಿತು. ನಡುವೆ 530 ಬಿಲ್ಲೆ. ಎಲೆ ತೋರಿಸಿದರೆ ಸೋಲು ಶತಸ್ಸಿದ್ಧ. ಅವನು ಶಾಂತವಾಗಿ 500 ಬಿಲ್ಲೆಗಳನ್ನು ಮುಂದಕ್ಕೆ ತಳ್ಳುತ್ತಾನೆ.

ಈಗ ಕಷ್ಟ ಬಂದದ್ದು ಗೆಲ್ಲುವ ಎಲೆ ಹಿಡಿದವನಿಗೆ. ಇಷ್ಟು ಹೊತ್ತು ಸುಮ್ಮನೆ ಹಿಂಬಾಲಿಸಿ ಬಂದವನು ಈಗೇಕೆ ಎದ್ದು ನಿಂತ? ಅವನ ಗುಟ್ಟಿನ ಎಲೆಗಳು ಎರಡು ಆರುಗಳಾಗಿದ್ದರೆ? ಆಗ ಮೂರು ಆರು, ರಾಜರ ಜೋಡಿ ಮಣ್ಣುಪಾಲು. ಅ ಎಂಬವನು 500 ತೆತ್ತರೆ ಸಿಗುವುದು 1,030. ಅಂದರೆ ಕ ಮೂರು ಸಲಕ್ಕೆ ಒಂದು ಸಲ ಸುಳ್ಳು ಹೇಳುವವನಾದರೂ ಕಟ್ಟುವುದು ನಷ್ಟವಲ್ಲ. ಆದರೆ ಅವನು ಎಷ್ಟು ಸಲಕ್ಕೆ ಎಷ್ಟು ಸುಳ್ಳು ಹೇಳುತ್ತಾನೆ ಎಂಬುದು ಯಾವ ಎಲೆಯ ಮೇಲೂ ಬರೆದಿಲ್ಲ. ಅ ಎಲೆ ಕೆಳಗಿಟ್ಟರೆ ಒಂಬತ್ತು-ಎಂಟರ ಬರಿಗೈ ಗೆದ್ದಿತು. ಗೆದ್ದವನು ಆ ಎಲೆಗಳನ್ನು ತೋರಿಸಬೇಕೆಂಬ ನಿಯಮವೂ ಇಲ್ಲ. ಅವು ಬೋರಲಾಗಿಯೇ ಕಟ್ಟಿಗೆ ಹಿಂದಿರುಗುತ್ತವೆ. ಬ್ಲಫ್ ಎಂಬ ಮಾತಿನ ಅರ್ಥ ಇಷ್ಟೇ. ಇಷ್ಟು ಹೊತ್ತು ಹೇಳಿಕೊಂಡು ಬಂದ ನಿಯಮಗಳೆಲ್ಲ ಇಂಥದೊಂದು ಗಳಿಗೆಗಾಗಿ ಕಟ್ಟಿದ ಚಪ್ಪರ.

ಇಂಥದೇ ಗಳಿಗೆಯೊಂದು 2003ರಲ್ಲಿ ಲಾಸ್ ವೇಗಾಸ್‌ನಲ್ಲಿ ನಿಜವಾಗಿ ನಡೆಯಿತು. ಪೋಕರಿನ ವಿಶ್ವ ಸರಣಿಯ ಮುಖ್ಯ ಪಂದ್ಯದ ಕೊನೆಗೆ ಇಬ್ಬರೇ ಉಳಿದಿದ್ದರು. ಒಬ್ಬ ಸ್ಯಾಮ್ ಫರ್ಹಾ, ಪಳಗಿದ ವೃತ್ತಿಪರ. ಇನ್ನೊಬ್ಬ ಟೆನೆಸ್ಸಿಯ ಲೆಕ್ಕಪತ್ರದ ನೌಕರ ಕ್ರಿಸ್ ಮನಿಮೇಕರ್. ಹಣ ಮಾಡುವವನು ಎಂಬರ್ಥದ ಆ ಹೆಸರು ಅವನ ಮನೆತನದ್ದೇ, ಇಟ್ಟುಕೊಂಡದ್ದಲ್ಲ. ಪಂದ್ಯದ ಪ್ರವೇಶ ಶುಲ್ಕ 10,000 ಡಾಲರ್. ಅವನು 86 ಡಾಲರಿನ ಅಂತರ್ಜಾಲ ಪಂದ್ಯವೊಂದನ್ನು ಗೆದ್ದು ಅರ್ಹತೆ ಪಡೆದಿದ್ದ. ಫರ್ಹಾ ಕೈಯಲ್ಲಿ ಒಂಬತ್ತರ ಜೋಡಿ ಇತ್ತು. ಮನಿಮೇಕರ್ ಫ್ಲಶ್ ಬರಬಹುದೆಂದು ಕಾದಿದ್ದ, ಸಾಲಿಗೂ ಕಾದಿದ್ದ, ಎರಡೂ ಬರಲಿಲ್ಲ. ಆಗ ತನ್ನ ಬಿಲ್ಲೆಗಳನ್ನೆಲ್ಲ ನಡುವೆ ತಳ್ಳಿ ಕಲ್ಲಿನಂತೆ ಕೂತ. ಫರ್ಹಾ ಯೋಚಿಸಿ ಯೋಚಿಸಿ ಎಲೆ ಬಿಟ್ಟ. 839 ಜನ ಆಡಿದ್ದ ಆ ಪಂದ್ಯದಲ್ಲಿ ಮನಿಮೇಕರ್ ಗೆದ್ದದ್ದು 25 ಲಕ್ಷ ಡಾಲರ್. ಮೂರು ವರ್ಷಗಳ ಬಳಿಕ, 2006ರಲ್ಲಿ, ಅದೇ ಪಂದ್ಯಕ್ಕೆ ಬಂದವರ ಸಂಖ್ಯೆ 8,773!

ಯಾರಿಗೂ ತೋರಿಸದ ಎಲೆಗಳು ಲಕ್ಷಾಂತರ ಜನಕ್ಕೆ ಗೊತ್ತಾದದ್ದು ಹೇಗೆ? ಇದರ ಹಿಂದೆ ಹೆನ್ರಿ ಓರೆನ್‌ಸ್ಟೀನ್ ಎಂಬವರಿದ್ದಾರೆ. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಐದು ಸೆರೆಶಿಬಿರಗಳಿಂದ ಬದುಕಿ ಬಂದು ಅಮೆರಿಕ ಸೇರಿ ಆಟಿಕೆಗಳ ವ್ಯಾಪಾರದಲ್ಲಿ ಹೆಸರು ಮಾಡಿದವರು. ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳು ಅಮೆರಿಕಕ್ಕೆ ಬಂದದ್ದರಲ್ಲಿ ಇವರ ಕೈವಾಡವಿತ್ತು. ಟೆಲಿವಿಷನ್ನಿನಲ್ಲಿ ಪೋಕರ್ ನೋಡಿದರೆ ಏನೂ ಅರ್ಥವಾಗದೆ ಬೇಸರವಾಗುತ್ತದೆ ಎಂಬುದನ್ನು ಕಂಡು, ಮೇಜಿನ ಅಂಚಿನಲ್ಲಿ ಸಣ್ಣ ಕ್ಯಾಮರಾ ಹುದುಗಿಸಿ ಗುಟ್ಟಿನ ಎಲೆಗಳನ್ನು ನೋಡುಗರಿಗೆ ಮಾತ್ರ ತೋರಿಸುವ ಏರ್ಪಾಡನ್ನು ರೂಪಿಸಿ 1995ರಲ್ಲಿ ಪೇಟೆಂಟ್ ಪಡೆದರು. 1999ರಲ್ಲಿ ಬ್ರಿಟನ್ನಿನ ಚಾನೆಲ್ ಫೋರ್ ಮೇಜಿಗೆ ಗಾಜು ಹಾಕಿ ಕೆಳಗಿನಿಂದ ಎಲೆ ತೋರಿಸಿತು. ಒಬ್ಬನು ಸುಳ್ಳು ಹೇಳುತ್ತಿದ್ದಾನೆಂದು ನೋಡುಗನಿಗೆ ಗೊತ್ತು, ಎದುರು ಕೂತವನಿಗೆ ಗೊತ್ತಿಲ್ಲ. ವೇಷ ಮರೆಸಿಕೊಂಡವನು ಯಾರೆಂದು ಸಭೆಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಾಗ ಯಕ್ಷಗಾನದಲ್ಲಿ ಸಿಗುವ ಸುಖವೇ ಇದು. ಓರೆನ್‌ಸ್ಟೀನ್ 2021ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆಟದ ಹುಟ್ಟೂರಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪೋಕರ್ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ಮತ್ತು ಮಿಸಿಸಿಪಿ ನದಿಯ ಹಡಗುಗಳಲ್ಲಿ. ಆಗ ಹತ್ತರಿಂದ ಎಕ್ಕದವರೆಗಿನ ಇಪ್ಪತ್ತೇ ಎಲೆಗಳಲ್ಲಿ ಆಡುತ್ತಿದ್ದರು. ಹೋಲ್ಡೆಮ್ ಬಗೆ ಟೆಕ್ಸಾಸಿನ ರಾಬ್ಸ್‌ಟೌನ್ ಎಂಬ ಚಿಕ್ಕ ಊರಿನದು ಎಂದು ಆ ರಾಜ್ಯದ ಶಾಸನಸಭೆ 2007ರಲ್ಲಿ ನಿರ್ಣಯ ಮಾಡಿ ಮಾನ್ಯತೆ ಕೊಟ್ಟಿತು. 1960ರ ದಶಕದಲ್ಲಿ ಅದು ಲಾಸ್ ವೇಗಾಸ್‌ಗೆ ಬಂತು. ಬೆನ್ನಿ ಬಿನಿಯನ್ ಎಂಬ ಜೂಜುಕಟ್ಟೆಯ ಒಡೆಯ 1970ರಲ್ಲಿ ವಿಶ್ವ ಸರಣಿ ಆರಂಭಿಸಿದ. ಮೊದಲ ವರ್ಷದ ವಿಜೇತನನ್ನು ಆಟಗಾರರು ತಾವೇ ಮತ ಹಾಕಿ ಆರಿಸಿದ್ದರಂತೆ. ಸುಳ್ಳು ಹೇಳುವುದೇ ವೃತ್ತಿಯಾದವರ ನಡುವೆ ನಡೆದ ಆ ಚುನಾವಣೆಯನ್ನು ನೆನೆದರೆ ನಗು ಬರುತ್ತದೆ.

ಒಂದು ನಿಯಮವನ್ನು ಮಾತ್ರ ಒತ್ತಿ ಹೇಳಬೇಕು. ಆಟ ಶುರುವಾದಾಗ ಮೇಜಿನ ಮೇಲೆ ಎಷ್ಟಿತ್ತೋ ಅಷ್ಟನ್ನೇ ಪಣಕ್ಕಿಡಬಹುದು. ನಡುವೆ ಜೇಬಿಗೆ ಕೈ ಹಾಕುವಂತಿಲ್ಲ, ಮನೆಪತ್ರ ತರಿಸುವಂತಿಲ್ಲ. ಎದುರಾಳಿ ಕಟ್ಟಿದಷ್ಟು ಕೈಯಲ್ಲಿ ಇಲ್ಲದವನು ಇದ್ದದ್ದನ್ನೆಲ್ಲ ಇಟ್ಟು ಕೊನೆಯವರೆಗೆ ಉಳಿಯಬಹುದು, ಅಷ್ಟರ ಮಟ್ಟಿಗೇ ಅವನ ಗೆಲುವು ಸೋಲು. ಹಸ್ತಿನಾವತಿಯ ಸಭೆಯಲ್ಲಿ ಈ ನಿಯಮವಿದ್ದಿದ್ದರೆ ಧರ್ಮರಾಯನ ಆಟ ರಾಜ್ಯ, ತಮ್ಮಂದಿರು, ದ್ರೌಪದಿಯವರೆಗೆ ಹೋಗುತ್ತಿರಲಿಲ್ಲ. ಆದರೆ ಈ ಕಟ್ಟುಪಾಡು ಕಾಯುವುದು ಒಂದು ಆಟದ ಅವಧಿಯನ್ನು ಮಾತ್ರ. ಮುಂದಿನ ಆಟಕ್ಕೆ ಮೊದಲು ಹೊರಗೆ ಹೋಗಿ ಸಾಲ ತಂದು ಕೂರುವವನನ್ನು ಯಾವ ನಿಯಮವೂ ತಡೆಯುವುದಿಲ್ಲ.

ಹಾಗಾದರೆ ಇದು ಜೂಜೋ ಜಾಣತನವೋ? ನಮ್ಮ ನ್ಯಾಯಾಲಯಗಳು ಈ ಪ್ರಶ್ನೆಯೊಂದಿಗೆ ಬಹಳ ಹೆಣಗಿವೆ. ರಮ್ಮಿಯಲ್ಲಿ ಕೌಶಲವೇ ಹೆಚ್ಚು, ಮೂರೆಲೆ ಬರೀ ಅದೃಷ್ಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತು. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಪ್ಪಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಇದಕ್ಕೆ ವಿರುದ್ಧವಾಗಿ ತೀರ್ಪಿತ್ತಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿ 2022ರ ಫೆಬ್ರುವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಈ ಜಿಜ್ಞಾಸೆಯನ್ನೇ ಬದಿಗಿಟ್ಟು, ಕೌಶಲವಿರಲಿ ಅದೃಷ್ಟವಿರಲಿ, ಹಣದ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು.

ಉತ್ತರ ಇರುವುದು ಎಷ್ಟು ಸಲ ಆಡುತ್ತೀರಿ ಎಂಬುದರಲ್ಲಿ. ಎಕ್ಕದ ಜೋಡಿಯ ಎದುರು ರಾಜರ ಜೋಡಿ ಸುಮಾರು ಐದು ಸಲಕ್ಕೆ ಒಂದು ಸಲ ಗೆಲ್ಲುತ್ತದೆ. ಆ ಒಂದು ಸಲ ಇವತ್ತೇ ಬಂದರೆ ಜಾಣತನ ಏನು ಮಾಡೀತು? 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಲಿಬ್ರಾಟಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮವನ್ನು ನಾಲ್ವರು ಪಳಗಿದ ಆಟಗಾರರ ಎದುರು ಕೂರಿಸಿದಾಗ ಒಂದು ಸಂಜೆ ಆಡಿಸಿ ತೀರ್ಪು ಹೇಳಲಿಲ್ಲ. 1,20,000 ಆಟ ಆಡಿಸಿದರು, ಆಮೇಲೆ ಯಂತ್ರವೇ ಮೇಲು ಎಂದರು. ಎಲೆಗಳ ಏರುಪೇರು ಸಮನಾಗಲು ಅಷ್ಟು ಕಾಲ ಬೇಕು. ಇದರಿಂದ ಹೊರಡುವ ಮಾತೊಂದನ್ನು ಜಾಹೀರಾತು ಕೊಡುವವರು ಹೇಳುತ್ತಿರಲಿಲ್ಲ: ಕೌಶಲದ ಆಟ ಎಂಬುದು ಹೊಸಬನಿಗೆ ಕೊಟ್ಟ ಅಭಯವಲ್ಲ. ಲಾಟರಿಯಲ್ಲಿ ದಡ್ಡನಿಗೂ ಜಾಣನಷ್ಟೇ ಅವಕಾಶವಿರುತ್ತದೆ. ಕೌಶಲದ ಆಟದಲ್ಲಿ ಅದೂ ಇಲ್ಲ. ಆಡುತ್ತ ಹೋದಷ್ಟೂ ಅವನ ಸೋಲು ಗಟ್ಟಿಯಾಗುತ್ತದೆ.

ಜಾಣನೂ ಸುರಕ್ಷಿತನಲ್ಲ, ಏಕೆಂದರೆ ಆಟ ನಡೆಸುವ ಕಟ್ಟೆಯವರು ಪ್ರತಿ ರಾಶಿಯಿಂದ ಒಂದು ಪಾಲು ತೆಗೆದುಕೊಳ್ಳುತ್ತಾರೆ. ಆರು ಜನ ತಲಾ 1,000 ಹಿಡಿದು ಕೂತರು, ಪಾಲು ನೂರಕ್ಕೆ ಐದು, ರಾಶಿ ಸರಾಸರಿ 300, ಗಂಟೆಗೆ 25 ಆಟ ಎಂದಿಟ್ಟುಕೊಳ್ಳಿ. ಪ್ರತಿ ಆಟಕ್ಕೆ 15ರಂತೆ ಗಂಟೆಗೆ 375 ಮೇಜಿನಿಂದ ಇಳಿದುಹೋಗುತ್ತದೆ. ನಾಲ್ಕು ಗಂಟೆಯಲ್ಲಿ 1,500. ಹದಿನಾರು ಗಂಟೆ ಆಡಿದರೆ ಆರೂ ಜನ ತಂದ 6,000 ರೂಪಾಯಿ ಪೂರ್ತಿ ಕಟ್ಟೆಯವರದು. ನಡುವೆ ಯಾರು ಯಾರಿಗೆ ಬ್ಲಫ್ ಹೊಡೆದರೆಂಬುದು ಆ ಮೊತ್ತವನ್ನು ಒಂದು ರೂಪಾಯಿಯಷ್ಟೂ ಬದಲಿಸುವುದಿಲ್ಲ.

ಮನೆಯಲ್ಲಿ ಹುಣಸೆಬೀಜ ಇಟ್ಟುಕೊಂಡು ಆಡಿದರೆ ಈ ತೊಂದರೆಗಳು ಯಾವುವೂ ಇಲ್ಲ. ಇಬ್ಬರಿಂದ ಒಂಬತ್ತು ಹತ್ತು ಜನರವರೆಗೆ ಕೂರಬಹುದು, ನಾಲ್ಕೈದು ಜನರಾದರೆ ಚೆನ್ನ. ತಲಾ ನೂರು ಬೀಜ ಹಂಚಿ, ಚಿಕ್ಕ ಪಣ ಒಂದು ಬೀಜ, ದೊಡ್ಡದು ಎರಡು. ಹೊಸಬರು ಮೊದಲ ಹತ್ತು ಆಟಗಳನ್ನು ಗುಟ್ಟಿನ ಎಲೆಗಳನ್ನೂ ತೆರೆದಿಟ್ಟೇ ಆಡುವುದು ಮೇಲು. ಏಳರಲ್ಲಿ ಒಳ್ಳೆಯ ಐದು ಯಾವುದೆಂದು ಕಣ್ಣಿಗೆ ರೂಢಿಯಾಗುತ್ತದೆ. ಮೂರು ಜೋಡಿ ಬಂದರೂ ಲೆಕ್ಕಕ್ಕೆ ಎರಡೇ, ನಡುವಿನ ಐದೇ ಎಲ್ಲರಿಗಿಂತ ಮೇಲಾದರೆ ಉಳಿದವರೆಲ್ಲ ರಾಶಿಯನ್ನು ಸಮನಾಗಿ ಹಂಚಿಕೊಳ್ಳಬೇಕು ಎಂಬಂಥ ಸಣ್ಣಪುಟ್ಟ ಸಂಗತಿಗಳು ಜಗಳವಿಲ್ಲದೆ ಬಗೆಹರಿಯುತ್ತವೆ. ಹನ್ನೊಂದನೆಯ ಆಟಕ್ಕೆ ಎಲೆಗಳನ್ನು ಬೋರಲಿಡಬಹುದು.